ಮೂಮಲ್ ನಡಿಗೆ ಮರೆತ ದಿನಗಳು

ನನ್ನ ಕುದುರೆ ಮೂಮಲ್ ಬಂದ ಒಂಬತ್ತನೇ ದಿನ, ಅದನ್ನು ಕೊಟ್ಟ ಹಿರಿಯರು ನನಗೆ ಮೋಸ ಮಾಡಿದ್ದಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಕೂಡ. ಆದರೆ ಮನಸ್ಸಿನಲ್ಲೇ ಅವರನ್ನು ನಿಲ್ಲಿಸಿ ವಿಚಾರಣೆ ಮುಗಿಸಿ ಆಗಿತ್ತು. ಈಗ ಒಂದು ವರ್ಷವಾಗುತ್ತಾ ಬಂತು. ನನ್ನ ಅನುಮಾನ ತಪ್ಪು ಅಂತ ಗೊತ್ತಾಗಿಯೂ ಬಹಳ ದಿನವಾಯಿತು. ಆದರೂ ಬೆಳಗ್ಗೆ ಜೀನು ಹಾಕುವಾಗ ಒಮ್ಮೊಮ್ಮೆ ಆ ದಿನ ನೆನಪಾಗುತ್ತೆ, ಕೈ ಹಾಗೇ ನಿಲ್ಲುತ್ತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಣಿಗಲ್ ಕಡೆಯವನು. ಅಲ್ಲಿನ ಕುದುರೆ ಫಾರಂ ನಿಮಗೆ ಗೊತ್ತಿರುತ್ತೆ. ಅದರ ಬೇಲಿ ಪಕ್ಕ ನಡೆದುಕೊಂಡು ಶಾಲೆಗೆ ಹೋದವನು ನಾನು. ಬೇಲಿಯಾಚೆ ಉದ್ದ ಕಾಲಿನ ಥರೋಬ್ರೆಡ್ ಮರಿಗಳು ತಾಯಿ ಹಿಂದೆ ಓಡುತ್ತಿದ್ದವು, ನಾವು ಈಚೆ ಚೀಲ ಹೊತ್ತುಕೊಂಡು ಓಡುತ್ತಿದ್ದೆವು. ಆ ಕುದುರೆಗಳು ನಮ್ಮೂರಲ್ಲೇ ಹುಟ್ಟಿದರೂ ನಮ್ಮೂರಿನವಲ್ಲ, ರೇಸಿಗೆ ಹೋಗುವಂಥವು. ಹಾಗಾಗಿ ನನ್ನ ತಲೆಯಲ್ಲಿ ಕುದುರೆ ಅಂದರೆ ಓಟ. ನಮ್ಮ ಭಾಷೆಯೂ ಹಾಗೇ ಅಲ್ವಾ, ಕುದುರೆ ಅಂದ ಕೂಡಲೇ ಬಾಯಿಗೆ ಬರೋದು ನಾಗಾಲೋಟ ಅನ್ನೋ ಮಾತು. ಕುದುರೆಯ ನಡಿಗೆಗೆ ಅಂತ ಒಂದು ಮಾತನ್ನು ನಮ್ಮ ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಕೆಲಸ ನನ್ನನ್ನು ಮೊದಲು ಪಾವಗಡದ ಸೋಲಾರ್ ಪಾರ್ಕಿಗೆ ಕರೆದುಕೊಂಡು ಹೋಯಿತು, ಅಲ್ಲಿಂದ ರಾಜಸ್ಥಾನದ ಭಡ್ಲಾಕ್ಕೆ. ಮನೆ ಜೋಧಪುರದಲ್ಲಿ. ಒಂದು ಸಂಜೆ ಫಲೋದಿ ಕಡೆಯಿಂದ ಜೀಪಿನಲ್ಲಿ ವಾಪಸ್ ಬರುತ್ತಿದ್ದೆವು. ಮರಳು ಹಾದಿ, ಗಾಡಿ ನಿಧಾನ. ಪಕ್ಕದಲ್ಲಿ ಒಬ್ಬ ಅಜ್ಜ ಕುದುರೆ ಮೇಲೆ ಬಂದರು. ಬಿಳಿ ಧೋತಿ, ಕೆಂಪು ಪೇಟ. ಸ್ವಲ್ಪ ಹೊತ್ತು ಜೀಪಿಗೆ ಸಮಸಮ ಬಂದರು. ಕುದುರೆಯ ಕಾಲು ಕಣ್ಣಿಗೆ ಕಾಣದಷ್ಟು ಬೇಗ ಆಡುತ್ತಿತ್ತು, ಆದರೆ ಮೇಲೆ ಕೂತ ಅಜ್ಜನ ಪೇಟ ಒಂದಿಷ್ಟೂ ಕುಲುಕುತ್ತಿರಲಿಲ್ಲ. ಮನೆ ಜಗುಲಿ ಮೇಲೆ ಕೂತವರ ಹಾಗೆ ಕೂತಿದ್ದರು. ಡ್ರೈವರ್ ನನ್ನ ಮುಖ ನೋಡಿ ಒಂದೇ ಮಾತು ಹೇಳಿದ: "ರೇವಾಲ್, ಸಾಬ್."

ತಕಧಿಮಿ

ಈ ರೇವಾಲನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ನನ್ನ ಮಗಳು. ಅವಳು ಮೈಸೂರಿನ ಟೀಚರ್ ಹತ್ತಿರ ಫೋನಿನಲ್ಲಿ ಭರತನಾಟ್ಯ ಕಲಿಯುತ್ತಾಳೆ, ಕಿವಿ ತಾಳಕ್ಕೆ ಪಳಗಿದೆ. ಕುದುರೆ ಸಾಧಾರಣ ನಡೆಯುವಾಗ ನಾಲ್ಕು ಕಾಲೂ ಬೇರೆ ಬೇರೆಯಾಗಿ ನೆಲ ಮುಟ್ಟುತ್ತವೆ. ವೇಗ ಹೆಚ್ಚಿದಾಗ ಹೆಚ್ಚಿನ ಕುದುರೆಗಳು ಟ್ರಾಟಿಗೆ ಬೀಳುತ್ತವೆ. ಇಲ್ಲಿಯವರು ದುಲ್ಕಿ ಅನ್ನುತ್ತಾರೆ. ಅದರಲ್ಲಿ ಮುಂದಿನ ಬಲಗಾಲು, ಹಿಂದಿನ ಎಡಗಾಲು ಒಟ್ಟಿಗೆ ಬೀಳುತ್ತವೆ, ಆಮೇಲೆ ಇನ್ನೊಂದು ಜೋಡಿ. ಎರಡೇ ಏಟು. ನಡುವೆ ಕುದುರೆ ಒಂದು ಕ್ಷಣ ಗಾಳಿಯಲ್ಲಿರುತ್ತೆ, ಅದಕ್ಕೇ ಮೇಲೆ ಕೂತವರು ಎಗರಿ ಬೀಳುತ್ತಾರೆ. ಕೆಲವು ಕುದುರೆಗಳು ಒಂಟೆಯ ಹಾಗೆ ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಎತ್ತಿಡುತ್ತವೆ. ಅದೂ ಎರಡೇ ಏಟು, ಎಗರೋದರ ಬದಲು ಅತ್ತಿತ್ತ ತೂಗುತ್ತೆ. ರೇವಾಲಿನಲ್ಲಿ ಮಾತ್ರ ನಡಿಗೆಯ ನಾಲ್ಕು ಏಟು ಹಾಗೇ ಉಳಿದು ವೇಗ ಹೆಚ್ಚುತ್ತೆ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಯಾವಾಗಲೂ ಒಂದಾದರೂ ಕಾಲು ನೆಲದ ಮೇಲೆ ಇದ್ದೇ ಇರುತ್ತೆ, ಹಾಗಾಗಿ ಸವಾರನಿಗೆ ಕುಲುಕಾಟ ಇಲ್ಲ. ಮಗಳು ಒಂದು ದಿನ ಕಣ್ಣು ಮುಚ್ಚಿಕೊಂಡು ಕೇಳಿ ಹೇಳಿದಳು, "ಅಪ್ಪಾ, ಇದು ತಕಧಿಮಿ." ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಅದು.

ಮರಳುಗಾಡಿನಲ್ಲಿ ದಿನಕ್ಕೆ ಹತ್ತಾರು ಮೈಲಿ ಕುದುರೆ ಮೇಲೇ ಇರಬೇಕಾಗಿದ್ದ ಜನ ಈ ನಡಿಗೆಗೆ ಯಾಕೆ ಇಷ್ಟು ಬೆಲೆ ಕೊಟ್ಟರು ಅಂತ ಒಂದು ಸಲ ಕೂತರೆ ಸಾಕು, ಗೊತ್ತಾಗುತ್ತೆ.

ತಿಲವಾಡಾದ ಯುಗಾದಿ

ಕುದುರೆ ಕೊಳ್ಳಬೇಕು ಅಂತ ಮನಸ್ಸು ಮಾಡಿದ ಮೇಲೆ ಮೊದಲು ಹೋಗಿದ್ದು ತಿಲವಾಡಾ ಜಾತ್ರೆಗೆ. ಬಾಲೋತ್ರಾ ಹತ್ತಿರ, ಒಣಗಿದ ಲೂಣಿ ನದಿಯ ಮರಳಿನ ಮೇಲೆ, ಹಿಂದೆ ಈ ಸೀಮೆ ಆಳಿ ಸಂತರಾದ ಮಲ್ಲಿನಾಥರ ಹೆಸರಿನಲ್ಲಿ ನಡೆಯುವ ದನದ ಜಾತ್ರೆ ಅದು. ಯುಗಾದಿಗೆ ಹಿಂದೆ ಮುಂದೆ ಹರಡಿಕೊಂಡಿರುತ್ತೆ. ನಾನು ಸರಿಯಾಗಿ ಯುಗಾದಿ ದಿನವೇ ಅಲ್ಲಿದ್ದೆ. ಮನೆಯಿಂದ ಹೆಂಡತಿ ಡಬ್ಬಿಯಲ್ಲಿ ಬೇವು ಬೆಲ್ಲ ಕಟ್ಟಿಕೊಟ್ಟಿದ್ದಳು. ನದಿ ತುಂಬ ಕುದುರೆ, ಒಂಟೆ, ಕಾಂಕ್ರೇಜ್ ಎತ್ತುಗಳು. ಕಿವಿಯ ತುದಿ ಒಂದಕ್ಕೊಂದು ತಾಗುವಂತೆ ಒಳಗೆ ಬಾಗಿದ ಮಾರವಾಡಿ ಕುದುರೆಗಳು ಸಾಲುಸಾಲು. ಈ ಸೀಮೆಗೆ ಮಾಲಾಣಿ ಅಂತ ಹೆಸರು, ಅದೂ ಮಲ್ಲಿನಾಥರಿಂದಲೇ ಬಂದದ್ದು.

ನನಗೆ ನೆನಪಾಗಿದ್ದು ನಮ್ಮ ತಾತ. ಸಿದ್ಧಗಂಗೆ ಜಾತ್ರೆಯಲ್ಲಿ ಅವರು ಹಳ್ಳಿಕಾರ್ ಹೋರಿ ಕೊಳ್ಳುವಾಗ ನಾನು ಅವರ ಪಂಚೆ ಹಿಡಿದುಕೊಂಡು ನಿಂತಿರುತ್ತಿದ್ದೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡೋದು, ಬಾಯಿ ಬಿಡಿಸಿ ಹಲ್ಲು ನೋಡೋದು, ಮೈಮೇಲಿನ ಸುಳಿ ನೋಡೋದು. ಇಲ್ಲೂ ಅದೇ. ಸುಳಿಗೆ ಇಲ್ಲಿ ಭೌಂರಿ ಅನ್ನುತ್ತಾರೆ. ಗಂಟಲಿನ ಹತ್ತಿರದ ಸುಳಿ ದೇವಮಣಿ, ಬಹಳ ಶುಭ. ಕಣ್ಣಿನ ಕೆಳಗೆ ಕಣ್ಣೀರು ಇಳಿಯೋ ಜಾಗದಲ್ಲಿ ಸುಳಿ ಇದ್ದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನಾಲ್ಕೂ ಪಾದ, ಮುಖ ಬಿಳಿಯಿದ್ದರೆ ಪಂಚಕಲ್ಯಾಣಿ. ಆ ಹೆಸರು ಇಷ್ಟು ದೂರದಲ್ಲಿ ಕೇಳಿ ಖುಷಿಯಾಯಿತು. ಆದರೆ ತಾತ ಸುಳಿಗಿಂತ ಜಾಸ್ತಿ ನೋಡುತ್ತಿದ್ದದ್ದು ಮಾರುವವನನ್ನು. ಹೋರಿ ತನ್ನ ಕೊಟ್ಟಿಗೆಯಲ್ಲಿ ಹುಟ್ಟಿದ್ದೋ, ನಿನ್ನೆ ಸಂತೆಯಲ್ಲಿ ಹಿಡಿದದ್ದೋ ಅಂತ ಕೇಳೋರು. ದಲ್ಲಾಳಿ ಹತ್ತಿರ ಹಲ್ಲೆಲ್ಲ ಬಂದು ಬಾಯ್ಗೂಡಿದ ಎತ್ತು ಸಿಗುತ್ತೆ, ಅದರ ಕತೆ ಸಿಗಲ್ಲ ಅನ್ನೋರು.

ಒಬ್ಬ ವ್ಯಾಪಾರಿ ನನಗೆ ಕಪ್ಪು ಕುದುರೆಯೊಂದನ್ನು ರೇವಾಲಿನಲ್ಲಿ ಓಡಿಸಿ ತೋರಿಸಿದ. ಕಣ್ಣು ಕೀಳೋಕಾಗದಷ್ಟು ಚೆಂದ. ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ಹತ್ತಿರ ತಂದು ನಿಲ್ಲಿಸಿದಾಗ ಅದರ ಬಾಯಿಯ ನೊರೆ ತಿಳಿಗೆಂಪು. ಕಡಿವಾಣದ ಒಳಬದಿಗೆ ಮುಳ್ಳುಗಳಿದ್ದವು. ಹಿಂಗಾಲಿನ ಗಿಣ್ಣಿನ ಮೇಲೆ ಕೂದಲು ಉದುರಿ ಉಂಗುರದ ಹಾಗೆ ಗುರುತು. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಹಗ್ಗ ಕಟ್ಟಿ ಓಡಿಸಿ ಓಡಿಸಿ ನಡಿಗೆ ಕಲಿಸೋದು ಕೆಲವರ ಪದ್ಧತಿ. ಆ ಕುದುರೆ ನಡೆಯುತ್ತಿದ್ದದ್ದು ನೋವಿಗೆ. ಮುಳ್ಳಿನ ಕಡಿವಾಣ ಹಾಕಬಾರದು ಅಂತ 1965ರ ಕೇಂದ್ರದ ನಿಯಮದಲ್ಲೇ ಇದೆ. ಜಾತ್ರೆಯಲ್ಲಿ ಅದನ್ನು ಕೇಳುವವರು ಯಾರೂ ಕಾಣಲಿಲ್ಲ. ನಾನೂ ಅವತ್ತು ಕೇಳಲಿಲ್ಲ, ಸುಮ್ನೆ ಅಲ್ಲಿಂದ ಹೊರಟೆ. ಕೇಳಬೇಕಿತ್ತು.

ಸ್ವಲ್ಪ ದೂರದಲ್ಲಿ ಒಂದು ಖೇಜ್ರಿ ಮರದ ಕೆಳಗೆ ಒಬ್ಬ ಹಿರಿಯರು ಕೂತಿದ್ದರು. ನನ್ನ ಮುಖ ಹೇಗಿತ್ತೋ ಏನೋ, ಕರೆದು ಚಾ ಕೊಟ್ಟರು. ನಾನು ಡಬ್ಬಿ ತೆಗೆದು ಬೇವು ಬೆಲ್ಲ ಕೊಟ್ಟೆ, ನಮ್ಮ ಹೊಸ ವರ್ಷ ಇವತ್ತು ಅಂದೆ. ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದರು. ಎಲ್ಲಿಯವರು ಅಂತ ಕೇಳಿದರು. ಕರ್ನಾಟಕ ಅಂದೆ, ಅವರಿಗೆ ಸರಿಯಾಗಿ ಹೊಳೆಯಲಿಲ್ಲ. ಮೈಸೂರು ಅಂದ ಕೂಡಲೇ ನೆಟ್ಟಗೆ ಕೂತರು. "ಮೈಸೂರು ರಿಸಾಲೆ! ಹೈಫಾದಲ್ಲಿ ನಮ್ಮವರ ಜೊತೆ ಇದ್ದವರು." 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್, ಮೈಸೂರು ಲ್ಯಾನ್ಸರ್ಸ್ ಒಟ್ಟಿಗೆ ಕುದುರೆ ಮೇಲೆ ಹೋಗಿ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದದ್ದು ನಾನು ಎಲ್ಲೋ ಓದಿದ್ದೆ, ಅಷ್ಟೇ. ಅವರಿಗೆ ಅದು ಮನೆಯ ಮಾತು, ಅವರ ಅಜ್ಜ ಜೋಧಪುರದ ರಿಸಾಲೆಯಲ್ಲಿ, ಅಂದರೆ ಕುದುರೆ ಪಡೆಯಲ್ಲಿ, ಇದ್ದರಂತೆ. ಹೊರಡುವಾಗ ಹೇಳಿದರು, "ಜಾತ್ರೆಯಲ್ಲಿ ಕೊಳ್ಳಬೇಡಿ. ಊರಿಗೆ ಬನ್ನಿ. ತಾಯಿಯನ್ನು ನೋಡದೆ ಮಗಳನ್ನು ತೆಗೆದುಕೊಳ್ಳಬಾರದು."

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನಮ್ಮಜ್ಜಿಯ ಮಾತು ಮಾರವಾಡಿಯಲ್ಲಿ ಕೇಳಿದ ಹಾಗಾಯಿತು.

ಅವರ ಅಂಗಳದಲ್ಲಿ

ಮುಂದಿನ ವಾರವೇ ಹೋದೆ. ಅವರನ್ನು ಎಲ್ಲರೂ ಬಾಸಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದೊಡ್ಡ ಅಂಗಳ, ಐದು ಹೆಣ್ಣು ಕುದುರೆ, ಎರಡು ಮರಿ. ಜಾಗೀರುಗಳು ಹೋದ ಮೇಲೆ ಈ ಕಡೆ ಎಷ್ಟೋ ಮನೆಯವರು ಕುದುರೆಗಳನ್ನು ಬಿಟ್ಟುಬಿಟ್ಟರು, ಸಾಕುವ ಶಕ್ತಿ ಇರಲಿಲ್ಲ. ಇವರ ತಂದೆ ಒಂದೇ ಒಂದು ಹೆಣ್ಣು ಕುದುರೆ ಉಳಿಸಿಕೊಂಡಿದ್ದರಂತೆ. ಈಗ ಅಲ್ಲಿರುವುದೆಲ್ಲ ಅದರ ಸಂತಾನ.

ನಾನು ಕೇಳಬೇಕು ಅಂತ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಪ್ರಶ್ನೆ ಕೇಳಿದ್ದು ಅವರು. ಎಲ್ಲಿ ಕಟ್ಟುತ್ತೀರಿ, ನೀರು ಎಷ್ಟು ದೂರ, ನೀವು ಊರಿಗೆ ಹೋದಾಗ ಯಾರು ನೋಡುತ್ತಾರೆ, ಹೊಟ್ಟೆನೋವು ಬಂದರೆ ರಾತ್ರಿ ಯಾವ ಡಾಕ್ಟರ್ ಬರುತ್ತಾರೆ. ಮರಳು ನೆಲದ ಮೇಲೆ ಮೇವು ಹಾಕಬೇಡಿ, ಮರಳು ಹೊಟ್ಟೆಗೆ ಹೋಗಿ ಕುಳಿತರೆ ಕುದುರೆ ಉಳಿಯಲ್ಲ ಅಂದರು. ನಮ್ಮ ಕಡೆ ಕುದುರೆಗೆ ಹುರುಳಿ ಹಾಕುತ್ತಾರೆ ಅಂದಾಗ ಕೇಳಿಸಿಕೊಂಡು, ಇಲ್ಲಿ ಕಡಲೆ, ಸೇವಣ ಹುಲ್ಲು ಸಾಕು, ಅಭ್ಯಾಸ ಬದಲಿಸಬೇಡಿ ಅಂದರು. ಆಮೇಲೆ ಮರಿಗಳನ್ನು ಬಿಡಿಸಿದರು. ಹುಟ್ಟಿ ಒಂದು ತಿಂಗಳೂ ಆಗದ ಮರಿ ತಾಯಿಯ ಪಕ್ಕ ಹೊರಟಿತು. ಅದಕ್ಕೆ ಹಗ್ಗ ಇಲ್ಲ, ಲಗಾಮು ಇಲ್ಲ, ಯಾರೂ ಕಲಿಸಿಲ್ಲ. ಕಡ್ಡಿಯಂಥ ಕಾಲುಗಳಲ್ಲಿ ತಕಧಿಮಿ ತಕಧಿಮಿ ಅಂತ ಹೋಗುತ್ತಿತ್ತು. ಕುದುರೆ ಸಾಕಿದವರ ಮನೆಗೇ ಹೋಗಿ ಯಾಕೆ ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಆ ಮರಿಯ ಕತೆ ಹೇಳುತ್ತೇನೆ. ಜಾತ್ರೆಯಲ್ಲಿ ಅದನ್ನು ಯಾರೂ ತೋರಿಸೋಕಾಗಲ್ಲ.

ನನಗೆ ಅವರು ಆರಿಸಿದ್ದು ಆರು ವರ್ಷದ ಕಂದು ಕುದುರೆ, ಮೂಮಲ್. ತಾಯಿಗೆ ಹತ್ತೊಂಬತ್ತು, ಬೆನ್ನು ಸ್ವಲ್ಪ ಇಳಿದಿತ್ತು, ಕಣ್ಣು ಮಾತ್ರ ಹುಡುಗಿಯ ಕಣ್ಣು. ಅವರ ಹದಿನಾಲ್ಕು ವರ್ಷದ ಮೊಮ್ಮಗ ಮೂಮಲ್ ಮೇಲೆ ಜೀನಿಲ್ಲದೆ ಹತ್ತಿದ. ಮೂತಿಗೆ ಬರೀ ಒಂದು ಹಗ್ಗ. ಒಂದು ಕೈಯಲ್ಲಿ ತುಂಬಿದ ಹಿತ್ತಾಳೆ ಲೋಟಾ. ಹೊಲದ ತುದಿವರೆಗೆ ರೇವಾಲಿನಲ್ಲಿ ಹೋಗಿ ಬಂದು ಲೋಟಾ ನನ್ನ ಕೈಗೆ ಕೊಟ್ಟ. ಅಂಚಿನವರೆಗೂ ನೀರು ಇತ್ತು. ಅದನ್ನೇ ಕುಡಿದೆ. ಜೋಧಪುರದಿಂದ ಡಾಕ್ಟರನ್ನು ಕರೆಸಿ ಕಾಲು, ಗೊರಸು, ಉಸಿರು ಎಲ್ಲ ತೋರಿಸಿದೆ. ಗ್ಲ್ಯಾಂಡರ್ಸ್ ಅನ್ನೋ ಅಂಟುರೋಗದ ಪರೀಕ್ಷೆಗೆ ರಕ್ತ ಕಳಿಸಿ ಕಾಗದ ಬರೋವರೆಗೆ ಕಾದೆ. ಬೆಲೆಯ ಬಗ್ಗೆ ಒಂದೇ ಮಾತಾಯಿತು. ನನ್ನ ಮೂರು ತಿಂಗಳ ಸಂಬಳ ಅಂತ ಇಟ್ಟುಕೊಳ್ಳಿ. ಲಾರಿ ಹತ್ತಿಸುವಾಗ ಬಾಸಾ ಅವಳ ಹಣೆ ಮುಟ್ಟಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

ಒಂಬತ್ತನೇ ದಿನ

ಜೋಧಪುರದ ಹೊರಗೆ ಒಬ್ಬ ರೈತರ ಜಾಗದಲ್ಲಿ ಕೊಟ್ಟಿಗೆ ಮಾಡಿಸಿದ್ದೆ. ಎರಡು ದಿನ ಸುಧಾರಿಸಿಕೊಳ್ಳಲಿ ಅಂತ ಬಿಟ್ಟೆ. ಮೂರನೇ ದಿನ ಹೊಸ ಜೀನು ಹಾಕಿ ಹತ್ತಿದೆ. ಚೆನ್ನಾಗಿ ನಡೆದಳು. ಸ್ವಲ್ಪ ವೇಗ ಕೇಳಿದೆ, ಟ್ರಾಟ್ ಮಾಡಿದಳು. ಇವತ್ತು ಹೊಸ ಜಾಗ ಅಂದುಕೊಂಡೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಲಗಾಮು ಗಟ್ಟಿ ಹಿಡಿದು ನೋಡಿದೆ. ಆಗ ಟ್ರಾಟ್ ಬಿಟ್ಟಳು, ಆದರೆ ಒಂಟೆಯ ಹಾಗೆ ಒಂದೊಂದು ಪಕ್ಕದ ಕಾಲು ಎತ್ತಿ ತೂಗಾಡಿಕೊಂಡು ಹೋದಳು. ಮಗಳು ಬೇಲಿ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಪ್ರತಿ ಸಲ ತಲೆ ಅಲ್ಲಾಡಿಸುತ್ತಿದ್ದಳು, ಇಲ್ಲಪ್ಪಾ.

ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಓದುತ್ತಾ ಕೂತೆ. 2012ರಲ್ಲಿ ಐಸ್‌ಲ್ಯಾಂಡ್ ಕುದುರೆಗಳನ್ನು ಪರೀಕ್ಷಿಸಿ ಡಿಎಂಆರ್‌ಟಿ3 ಅನ್ನುವ ವಂಶವಾಹಿಯಲ್ಲಿನ ಒಂದು ಬದಲಾವಣೆಗೂ ಈ ಥರದ ನಡಿಗೆಗೂ ಸಂಬಂಧ ಇದೆ ಅಂತ ಕಂಡುಹಿಡಿದರಂತೆ. ಹಾಗಾದರೆ ನಡಿಗೆ ರಕ್ತದಲ್ಲಿ ಬರೋದು. ರಕ್ತದಲ್ಲಿದ್ದರೆ ಒಂಬತ್ತು ದಿನದಲ್ಲಿ ಹೋಗಿಬಿಡುತ್ತಾ? ಹೋಗಲ್ಲ. ಅಂದರೆ ರಕ್ತದಲ್ಲಿ ಇರಲೇ ಇಲ್ಲ, ಕಟ್ಟಿ ಕಲಿಸಿದ್ದು. ಜಾತ್ರೆಯ ಆ ಕಪ್ಪು ಕುದುರೆ ಕಣ್ಣ ಮುಂದೆ ಬಂತು. ಹಗ್ಗ ಬಿಚ್ಚಿದರು, ನಡಿಗೆ ಹೋಯಿತು, ದುಡ್ಡು ಅವರ ಹತ್ತಿರ ಉಳಿಯಿತು. ಕಣ್ಣಾರೆ ನೋಡಿದ್ದ ಆ ಮರಿಯನ್ನು, ಬರೀ ಹಗ್ಗ ಹಿಡಿದು ಓಡಿಸಿದ ಆ ಹುಡುಗನನ್ನು ನನ್ನ ಲೆಕ್ಕದಿಂದ ನಾನೇ ಬಿಟ್ಟುಬಿಟ್ಟಿದ್ದೆ. ಸಿಟ್ಟು ಬಂದಾಗ ನೆನಪೂ ಅದರ ಪರವೇ ನಿಲ್ಲುತ್ತೆ ಅಂತ ಕಾಣುತ್ತೆ.

ಬೆಳಗಾದ ಮೇಲೆ ಹೊರಟೆ. ಫೋನ್ ಮಾಡಲಿಲ್ಲ. ನೂರು ಕಿಲೋಮೀಟರ್ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಬಾಸಾ ಬಾಗಿಲಲ್ಲೇ ಇದ್ದರು. ಖಮ್ಮಾ ಘಣಿ ಅಂತ ನಮಸ್ಕಾರ ಹೇಳಿದೆ. ನಡಿಗೆ ಬರುತ್ತಿಲ್ಲ ಅಂತಷ್ಟೇ ಹೇಳಿದೆ, ಜೋಡಿಸಿಕೊಂಡಿದ್ದ ಬೇರೆ ಯಾವ ಮಾತೂ ಹೊರಗೆ ಬರಲಿಲ್ಲ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೊಮ್ಮಗನನ್ನು ಕರೆದು ಉಳಿದ ನಾಲ್ಕೂ ಕುದುರೆಗಳನ್ನು ಅಂಗಳಕ್ಕೆ ತರಿಸಿದರು.

"ಕಾಲು ನೋಡಿ, ಸಾಬ್. ಎಲ್ಲದರ ಕಾಲೂ ನೋಡಿ. ಬಾಯಿಯೂ ನೋಡಿ."

ನಾನು ಏನೂ ಕೇಳಿರಲಿಲ್ಲ. ಅವರಿಗೆ ಗೊತ್ತಾಗಿತ್ತು. ಬೇಡ ಬಾಸಾ ಅಂತ ಅಂದು ಸುಮ್ಮನಾಗಬಹುದಿತ್ತು. ನಾನು ಬಗ್ಗಿ ನೋಡಿದೆ. ಮೊದಲನೇ ಕುದುರೆಯ ನಾಲ್ಕು ಗಿಣ್ಣನ್ನೂ ಕೈಯಲ್ಲಿ ಸವರಿ ನೋಡಿದೆ. ಒಂದು ಗುರುತೂ ಇರಲಿಲ್ಲ. ಎರಡನೆಯದರ ಹತ್ತಿರ ಹೋಗೋಕೆ ನನ್ನ ಕಾಲು ಬರಲಿಲ್ಲ. ಎದ್ದು ನಿಂತಾಗ ಅವರು ಆಚೆ ಕಡೆ ನೋಡುತ್ತಿದ್ದರು, ಮೊಮ್ಮಗ ನೆಲ ನೋಡುತ್ತಿದ್ದ. ನನ್ನನ್ನು ಈಗಲೂ ಕಾಡೋದು ಇದೇ. ಅನುಮಾನ ಪಟ್ಟಿದ್ದಕ್ಕಿಂತ ಜಾಸ್ತಿ, ಆ ಹುಡುಗನ ಮುಂದೆ ಅವನ ಅಜ್ಜನ ಕುದುರೆಯ ಕಾಲನ್ನು ಬಗ್ಗಿ ಸವರಿದ್ದು.

ಮುದಿ ತಾಯಿಯ ಪಾಠ

ಬಾಸಾ ಆ ವಿಷಯ ಅಲ್ಲಿಗೇ ಬಿಟ್ಟರು. ಊಟ ಹಾಕಿಸಿದರು. ಆಮೇಲೆ ಮೂಮಲ್‌ಳ ತಾಯಿಯನ್ನು ತಂದು, ಹತ್ತಿ ಅಂದರು. ಅವರದೇ ಹಳೆಯ ಜೀನು, ನಾನು ತಂದಿದ್ದಕ್ಕಿಂತ ನಾಲ್ಕು ಬೆರಳು ಹಿಂದೆ ಕಟ್ಟಿದ್ದರು. ನಾನು ಹತ್ತಿ ವೇಗ ಕೇಳಿದ ಕೂಡಲೇ ನನ್ನ ಮೈ ತಾನಾಗಿಯೇ ಮುಂದಕ್ಕೆ ಬಾಗಿ ಏಳೋಕೆ ಶುರು ಮಾಡಿತು. ಸವಾರಿ ಕಲಿತಲ್ಲಿ ನನಗೆ ಕಲಿಸಿದ್ದು ಅದನ್ನೇ, ಟ್ರಾಟಿನ ಎರಡು ಏಟಿಗೆ ಎದ್ದು ಕೂರೋದು. "ನೀವೇ ದುಲ್ಕಿ ಕೇಳುತ್ತಿದ್ದೀರಿ," ಅಂದರು ಬಾಸಾ, "ಅವಳು ಒಳ್ಳೆಯ ಮಗಳು, ಕೇಳಿದ್ದನ್ನು ಕೊಡುತ್ತಾಳೆ." ಲಗಾಮು ಎಳೆದಾಗ ಮೂಮಲ್ ಹೇಗೆ ಹೋದಳು ಅಂತ ಕೇಳಿದರು. ಒಂಟೆ ಥರ ಅಂದೆ. ಬಾಯಿ ನೋಯುತ್ತೆ, ಬೆನ್ನು ಬಿಗಿ ಮಾಡಿಕೊಳ್ಳುತ್ತಾಳೆ, ಬೆನ್ನು ಬಿಗಿಯಾದರೆ ಒಂದು ಪಕ್ಕದ ಕಾಲು ಎರಡೂ ಒಟ್ಟಿಗೆ ಹೋಗುತ್ತವೆ ಅಂದರು. ನಾನು ರಾತ್ರಿಯೆಲ್ಲ ಅವಳು ನಡಿಗೆ ಮರೆತಳು ಅಂತ ಯೋಚಿಸುತ್ತಿದ್ದೆ. ಅವಳು ಒಂಬತ್ತು ದಿನವೂ ನನಗೆ ಉತ್ತರ ಕೊಡುತ್ತಲೇ ಇದ್ದಳು.

ಆ ಮುದಿ ತಾಯಿ ಮೇಲೆ ಅವತ್ತು ಎರಡು ಗಂಟೆ ಕೂತಿದ್ದೆ. ಅವಳಿಗೆ ಸವಾರ ಯಾರಾದರೂ ಪರವಾಗಿಲ್ಲ, ತನ್ನ ತಾಳ ಬಿಡಲ್ಲ. ಬಾಸಾ ಹೇಳಿಕೊಟ್ಟಿದ್ದು ಬಹಳ ಕಡಿಮೆ. ಹಿಂದೆ ಕೂತುಕೊಳ್ಳಿ, ಸೊಂಟ ಸಡಿಲ ಬಿಡಿ, ಕೈಯಲ್ಲಿ ಗುಬ್ಬಿಮರಿ ಇದೆ ಅಂದುಕೊಳ್ಳಿ. ನಿಧಾನ ನಡಿಗೆಯಿಂದಲೇ ಶುರು ಮಾಡಿ, ಒಂದೊಂದು ಚೂರೇ ವೇಗ ಕೇಳಿ, ತಾಳ ಒಡೆಯೋಕೆ ಮೊದಲೇ ನಿಧಾನಿಸಿ. ಒಂದು ಹೊತ್ತಿನಲ್ಲಿ ನನ್ನ ಸೊಂಟ ಅವಳ ಬೆನ್ನಿನ ಜೊತೆ ಅತ್ತ ಇತ್ತ ಸಣ್ಣಗೆ ಹೋಗೋಕೆ ಶುರುವಾಯಿತು, ನಾನೇನೂ ಮಾಡದೆ. ಕೆಳಗೆ ನಾಲ್ಕು ಏಟು ಸ್ಪಷ್ಟವಾಗಿ ಕೇಳಿಸಿತು. "ನನ್ನ ಮೊಮ್ಮಗನೂ ಇವಳ ಹತ್ತಿರವೇ ಕಲಿತದ್ದು," ಅಂದರು. ಆಮೇಲೆ ನಾಲ್ಕು ಭಾನುವಾರ ಹೋದೆ. ಒಂದು ಸಲ ಮಗಳನ್ನೂ ಕರೆದುಕೊಂಡು ಹೋದೆ, ಅವಳು ಬಾಸಾಗೆ ತಕಧಿಮಿ ಹೇಳಿಕೊಟ್ಟಳು. ಅವರು ತೊಡೆ ಮೇಲೆ ಬೆರಳು ಬಡಿದು ಅದನ್ನು ಹೇಳಿ ನೋಡಿದರು.

ಮೂಮಲ್ ಜೊತೆ ನಾನು ಮೊದಲಿನಿಂದ ಶುರು ಮಾಡಿದೆ. ಜೀನು ಬದಲಾಯಿಸಿದೆ. ಒಂದು ತಿಂಗಳು ಬರೀ ನಿಧಾನ ನಡಿಗೆ. ನಮ್ಮ ಕೊಟ್ಟಿಗೆಯಿಂದ ಡಾಂಬರು ರಸ್ತೆವರೆಗೆ ಮಣ್ಣಿನ ದಾರಿ ಇದೆ, ಪಕ್ಕದಲ್ಲಿ ಕರೆಂಟು ಕಂಬಗಳು. ಒಂದರಿಂದ ಇನ್ನೊಂದಕ್ಕೆ ಸುಮಾರು ಐವತ್ತು ಮೀಟರ್, ನನ್ನ ಕೆಲಸವೇ ಅದಾದ್ದರಿಂದ ಕಣ್ಣಳತೆಯಲ್ಲೇ ಗೊತ್ತಾಗುತ್ತೆ. ಅಕ್ಟೋಬರಿನ ಒಂದು ಬೆಳಗ್ಗೆ ಮೊದಲ ಸಲ ತಕಧಿಮಿ ಬಂತು. ಅರ್ಧ ಕಂಬ ಕೂಡ ಇಲ್ಲ, ಒಡೆದುಹೋಯಿತು. ಇಳಿದು ಅವಳ ಕತ್ತು ತಬ್ಬಿಕೊಂಡು ಜೇಬಿನಲ್ಲಿದ್ದ ಬೆಲ್ಲವೆಲ್ಲ ಕೊಟ್ಟೆ. ದೀಪಾವಳಿ ಹೊತ್ತಿಗೆ ಎರಡು ಕಂಬ. ಚಳಿಗಾಲದಲ್ಲಿ ಐದು, ಆರು, ಮತ್ತೆ ಎರಡು. ನಾನು ಕೆಲಸದ ಚಿಂತೆ ತಂದ ದಿನ ಒಂದೂ ಇಲ್ಲ.

ಬಾಸಾ ಭಾನುವಾರ ಸಂಜೆ ಫೋನ್ ಮಾಡುತ್ತಾರೆ. ಮೊದಲು ಮಗಳನ್ನು ವಿಚಾರಿಸುತ್ತಾರೆ, ಆಮೇಲೆ ಮೂಮಲ್‌ಳ ಗೊರಸು, ಮೇವು. ಕೊನೆಗೆ ಒಂದೇ ಮಾತು, ಎಷ್ಟು? ಅಂಗಳದ ಆ ಬೆಳಗಿನ ಬಗ್ಗೆ ಅವರು ಇವತ್ತಿನವರೆಗೂ ಎತ್ತಿಲ್ಲ. ನಾನೇ ಒಂದೆರಡು ಸಲ ಶುರು ಮಾಡಿದೆ, ಅವರು ಮಾತು ಬದಲಾಯಿಸಿದರು. ಯುಗಾದಿ ಹತ್ತಿರ ಬರುತ್ತಿದೆ. ಮೂಮಲ್‌ಳನ್ನು ಕರೆದುಕೊಂಡು ತಿಲವಾಡಾಕ್ಕೆ ಬನ್ನಿ ಅಂದಿದ್ದಾರೆ, ಡಬ್ಬಿಯಲ್ಲಿ ಆ ಕಹಿ ಸಿಹಿಯನ್ನೂ ತನ್ನಿ ಅಂದರು. ಅಲ್ಲಿ ಖೇಜ್ರಿ ಮರದ ಕೆಳಗೆ, ಅವರ ಮೊಮ್ಮಗನೂ ಇರುವಾಗ, ಎದುರಿಗೆ ಕೂತು ಹೇಳಬೇಕು ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳೋ ಮಾತಲ್ಲ ಅದು.

ಈ ಭಾನುವಾರವೂ ಕೇಳಿದರು. ಹದಿನಾಲ್ಕು, ಬಾಸಾ, ಅಂದೆ.